ಲಿಬರ್ಟೀಸ್‌ನ ಹಿರಿಯರಿಗೂ ಜೊತೆ ನಿಂತ ಕನ್ನಡಿಗರಿಗೂ ಕೃತಜ್ಞತೆಗಳು

ಐರ್ಲೆಂಡಿನ ಡಬ್ಲಿನ್ ನಗರದ ಲಿಬರ್ಟೀಸ್ ಬಡಾವಣೆಯ ಹಿರಿಯರು ಗಿನ್ನೆಸ್ ಬ್ರೂವರಿಯ, ಅಂದರೆ ಬಿಯರ್ ಕಾರ್ಖಾನೆಯ, ಬಗ್ಗೆ ಹೇಳಿಕೊಂಡ ನೆನಪುಗಳ ಸಂಗ್ರಹ ಈ ತಿಂಗಳು ಪೂರ್ಣಗೊಂಡು, ರಟ್ಟು ಕಟ್ಟಿಸಿಕೊಂಡು, ನಮ್ಮ ಬಡಾವಣೆಯ ಗ್ರಂಥಾಲಯದ ಕಪಾಟು ಸೇರಿತು. ಯಾವ ಅನುದಾನವೂ ಇಲ್ಲದೆ, ನೌಕರಿಯ ಬಿಡುವಿನಲ್ಲಿ, ನಡುವೆ ಇಬ್ಬರು ಹಿರಿಯರು ತೀರಿಕೊಂಡ ಮೇಲೂ ನಿಲ್ಲದೆ ಸಾಗಿದ ಈ ಕೆಲಸ ದಡ ಮುಟ್ಟಿದ್ದರೆ ಅದರ ಋಣ ಅನೇಕರಿಗೆ ಸಲ್ಲಬೇಕು. ಹಿರಿಯರಿಗೆ ಎದುರಿಗೇ ನಿಂತು ಇಂಗ್ಲಿಷಿನಲ್ಲಿ ವಂದನೆ ಹೇಳಿಯಾಗಿದೆ. ಆದರೆ ಅವರ ಮಾತನ್ನು ಧ್ವನಿಮುದ್ರಣದಿಂದ ಅಕ್ಷರಕ್ಕೆ ಇಳಿಸಿದವರಲ್ಲಿ ಹೆಚ್ಚಿನವರು ಇಲ್ಲಿ ಓದುತ್ತಿರುವ, ದುಡಿಯುತ್ತಿರುವ ಕನ್ನಡದ ಹುಡುಗ ಹುಡುಗಿಯರು. ಅವರ ಶ್ರಮ ಊರಿನಲ್ಲಿರುವ ಅವರ ಮನೆಯವರಿಗೂ ತಿಳಿಯಲಿ ಎಂದು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಸಂಖ್ಯಾಶಾಸ್ತ್ರ ಓದಿದವನು. ಮೈಸೂರಿನಲ್ಲಿ ಎಂಎಸ್ಸಿ ಮಾಡುವಾಗ ‘ಸ್ಟೂಡೆಂಟ್ಸ್ ಟಿ’ ಎಂಬ ಸಂಖ್ಯಾಶಾಸ್ತ್ರೀಯ ಪರೀಕ್ಷೆಯ ಲೆಕ್ಕಗಳನ್ನು ಪುಟಗಟ್ಟಲೆ ಮಾಡಿದ್ದೆ. ಸ್ಟೂಡೆಂಟ್ ಎಂಬ ಗುಪ್ತನಾಮದಲ್ಲಿ 1908ರಲ್ಲಿ ಆ ಪರೀಕ್ಷೆಯ ಮೂಲ ಪ್ರಬಂಧವನ್ನು ಪ್ರಕಟಿಸಿದ ವಿಲಿಯಂ ಸೀಲಿ ಗಾಸೆಟ್ ಗಿನ್ನೆಸ್‌ನ ನೌಕರರಾಗಿದ್ದರು, ಬ್ರೂವರಿಯ ಕೆಲಸದಲ್ಲಿ ಕೈಗೆ ಸಿಗುತ್ತಿದ್ದ ಕೆಲವೇ ಮಾದರಿಗಳಿಂದ ನಂಬಬಹುದಾದ ತೀರ್ಮಾನಕ್ಕೆ ಬರುವುದು ಹೇಗೆ ಎಂಬ ಅವರ ನಿತ್ಯದ ತೊಡಕಿನಿಂದಲೇ ಅದು ಹುಟ್ಟಿತು ಎಂಬುದು ತಿಳಿದದ್ದು ಇಲ್ಲಿಗೆ ಬಂದು ನೆಲೆಸಿದ ಮೇಲೆ. ಬ್ರೂವರಿಯ ಬಗೆಗಿನ ನನ್ನ ಕುತೂಹಲಕ್ಕೆ ಮೂಲ ಇದು, ಬಿಯರ್ ಅಲ್ಲ. ನಾನು ಮದ್ಯ ಮುಟ್ಟುವವನಲ್ಲ ಎಂಬುದನ್ನು ಅಮ್ಮನ ಸಮಾಧಾನಕ್ಕಾಗಿ ಇಲ್ಲಿಯೂ ದಾಖಲಿಸುತ್ತೇನೆ.

1759ರ ಡಿಸೆಂಬರ್ 31ರಂದು ಆರ್ಥರ್ ಗಿನ್ನೆಸ್ ಸೇಂಟ್ ಜೇಮ್ಸಸ್ ಗೇಟ್‌ನಲ್ಲಿ ಕೆಲಸ ನಿಂತಿದ್ದ ಬ್ರೂವರಿಯೊಂದನ್ನು ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಗಳ ಗುತ್ತಿಗೆಗೆ ಹಿಡಿದ ಕಥೆಯನ್ನು ಇಲ್ಲಿಗೆ ಬರುವ ಪ್ರತಿಯೊಬ್ಬ ಪ್ರವಾಸಿಯೂ ಕೇಳಿರುತ್ತಾನೆ. ನಾಲ್ಕು ಎಕರೆಯಲ್ಲಿ ಶುರುವಾದ ಅದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಜಗತ್ತಿನಲ್ಲೇ ಅತಿ ದೊಡ್ಡ ಬ್ರೂವರಿಯಾಗಿ ಬೆಳೆದಿತ್ತು. 1904ರಲ್ಲಿ ಹುದುಗು ಮನೆಯಾಗಿ ಕಟ್ಟಿದ ದೊಡ್ಡ ಕಟ್ಟಡ 2000ದಿಂದ ಪ್ರವಾಸಿ ತಾಣವಾಗಿದೆ; ಕಂಪನಿಯ ಚರಿತ್ರೆಯನ್ನು ಅಲ್ಲಿ ಅಚ್ಚುಕಟ್ಟಾಗಿ ಹೇಳುತ್ತಾರೆ. ನನಗೆ ಬೇಕಾಗಿದ್ದದ್ದು ಗೋಡೆಯ ಹೊರಗಿನ ಓಣಿಗಳ ಕಥೆ. ಗಾಳಿ ಈ ಕಡೆ ಬೀಸಿದ ದಿನ ಹುರಿದ ಬಾರ್ಲಿಯ ವಾಸನೆ ಈಗಲೂ ಮನೆಯೊಳಗೆ ಬರುತ್ತದೆ. ಆ ವಾಸನೆಯಲ್ಲೇ ಹುಟ್ಟಿ, ಬೆಳೆದು, ಮುದುಕರಾದವರ ಬಳಿ ಹೇಳುವುದಕ್ಕೆ ಬೇರೆಯದೇ ಚರಿತ್ರೆ ಇರಲೇಬೇಕು ಎಂಬುದು ನನ್ನ ಊಹೆಯಾಗಿತ್ತು. ಅದು ಹುಸಿಯಾಗಲಿಲ್ಲ.

ಮೊದಲ ನಮಸ್ಕಾರ ಪೀಪಾಯಿ ಕಟ್ಟುತ್ತಿದ್ದ ಅಜ್ಜನಿಗೆ. ಅವರ ಅಪ್ಪ, ಅಪ್ಪನ ಅಪ್ಪ ಇಬ್ಬರೂ ಅದೇ ಕಸುಬಿನವರು. ಇಲ್ಲಿ ಆ ವಿದ್ಯೆ ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಎರಡನೆಯ ಭೇಟಿಯಲ್ಲಿ ಅವರು ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಅಪ್ಪನ ಬಾಚಿಯನ್ನು ಹೊರತೆಗೆದು ಮೇಜಿನ ಮೇಲೆ ಇಟ್ಟರು. ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗ ಸವೆದು ಗುಳಿಬಿದ್ದಿತ್ತು, ಮತ್ತು ಆ ಗುಳಿಯಲ್ಲಿ ಅವರ ಹೆಬ್ಬೆರಳು ಸರಿಯಾಗಿ ಕೂರುತ್ತಿತ್ತು. ಓಕ್ ಹಲಗೆಗಳನ್ನು ಬಿಸಿಗೆ ಒಡ್ಡಿ ಬಗ್ಗಿಸಿ, ಕಬ್ಬಿಣದ ಪಟ್ಟಿಗಳನ್ನು ಸುತ್ತಲೂ ನಡೆದುಕೊಂಡೇ ಬಡಿದು ಇಳಿಸಿ, ಅಳತೆಗೋಲು ಮುಟ್ಟದೆ ಕಣ್ಣಂದಾಜಿನಲ್ಲೇ ಹನಿ ಸೋರದ ಪೀಪಾಯಿ ಕಟ್ಟುವುದನ್ನು ಅವರು ಕುಳಿತಲ್ಲೇ ಕೈಯಾಡಿಸಿ ತೋರಿಸಿದರು. ನೂರಾರು ಜನ ಏಕಕಾಲಕ್ಕೆ ಬಡಿಯುವ ಸದ್ದಿಗೆ ಆ ಕಸುಬಿನವರ ಕಿವಿ ಬೇಗ ಮಂದವಾಗುತ್ತಿತ್ತಂತೆ. ಅವರ ಕಿವಿಗೂ ಹಾಗೆಯೇ ಆಗಿದೆ, ಆದ್ದರಿಂದ ನನ್ನ ಪ್ರಶ್ನೆಗಳೆಲ್ಲ ಧ್ವನಿಮುದ್ರಣದಲ್ಲಿ ಜಗಳವಾಡಿದಂತೆ ಕೇಳಿಸುತ್ತವೆ. ಎರಡನೆಯ ಮಹಾಯುದ್ಧದ ನಂತರ ಲೋಹದ ಪೀಪಾಯಿಗಳು ಬಂದವು, 1963ರಲ್ಲಿ ಕೊನೆಯ ಮರದ ಪೀಪಾಯಿ ತುಂಬಿ ಹೊರಟಿತು. ಅಜ್ಜನನ್ನು ಯಾರೂ ಮನೆಗೆ ಕಳುಹಿಸಲಿಲ್ಲ, ಬೇರೆ ಕೆಲಸಕ್ಕೆ ಹಾಕಿದರು, ಸಂಬಳವೂ ಕಡಿಮೆಯಾಗಲಿಲ್ಲ. ಇದನ್ನೆಲ್ಲ ಒಪ್ಪಿಕೊಂಡ ಮೇಲೆ ಅವರು, “ಆದರೆ ಆಮೇಲೆ ನಾನು ಮಾಡಿದ್ದನ್ನು ಯಾರು ಬೇಕಾದರೂ ಮಾಡಬಹುದಿತ್ತು” ಎಂದರು. ಇಡೀ ಸಂಗ್ರಹದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡ ಮಾತು ಇದು.

ದೋಣಿಯಾಳಿನ ಮಗಳಾದ ಅಜ್ಜಿಗೆ ಎರಡನೆಯ ನಮಸ್ಕಾರ. ಬ್ರೂವರಿಯಿಂದ ಬಂದರಿನವರೆಗೆ ಲಿಫಿ ನದಿಯ ಮೇಲೆ ಪೀಪಾಯಿ ಸಾಗಿಸುತ್ತಿದ್ದ ಉಗಿದೋಣಿಗಳು ಉಬ್ಬರದ ವೇಳೆ ಸೇತುವೆಯ ಅಡಿ ನುಸುಳುವಾಗ ಹೊಗೆಕೊಳವೆಯನ್ನು ಮಡಚಿ ಬಗ್ಗಿಸಬೇಕಾಗಿತ್ತು. ಆ ಗಳಿಗೆಗೆ ಕಾದು ಸೇತುವೆಯ ಮೇಲೆ ಜೋತುಬಿದ್ದ ಮಕ್ಕಳು, “ಬರುವಾಗ ನಮಗೊಂದು ಗಿಳಿ ತನ್ನಿ” ಎಂದು ಕೂಗುತ್ತಿದ್ದರು. ದೋಣಿ ಹೋಗುತ್ತಿದ್ದದ್ದು ಕೂಗಳತೆಯ ದೂರದ ಕಟ್ಟೆಗೆ ಎಂಬುದು ಕೂಗುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಡಬ್ಲಿನ್‌ನಲ್ಲಿ ಈ ಕಥೆ ಹೇಳದ ಮುದುಕರಿಲ್ಲ, ಹೀಗಾಗಿ ನಾನು ಇದನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆದರೆ ಈ ಅಜ್ಜಿ ಕೂಗಿದವರ ಪೈಕಿಯಲ್ಲ, ಕೂಗಿಸಿಕೊಂಡವರ ಮಗಳು. ಅವರ ಅಪ್ಪ ರಾತ್ರಿ ಮನೆಗೆ ಬಂದು, “ಇವತ್ತೂ ಗಿಳಿ ಸಿಗಲಿಲ್ಲ” ಎಂದು ಕೋಟು ಕಳಚುತ್ತಿದ್ದರಂತೆ. ದೋಣಿಗಳು 1961ರಲ್ಲಿ ನಿಂತವು. ಬ್ರೂವರಿಯ ಒಳಗೆ ಓಡುತ್ತಿದ್ದ, ಎರಡು ಅಡಿಗೂ ಕಿರಿದಾದ ಹಳಿಯ ಪುಟ್ಟ ರೈಲು 1975ರವರೆಗೂ ಇತ್ತು. ರಸ್ತೆಯ ಅಡಿ ಸುತ್ತಿ ಇಳಿಯುವ ಅದರ ಸುರಂಗದ ಬಗ್ಗೆ ಇನ್ನೊಬ್ಬ ಹಿರಿಯರು ಬಹಳ ಹೇಳಿದ್ದಾರೆ, ಆಸಕ್ತರು ಸಂಗ್ರಹದಲ್ಲೇ ಓದಬಹುದು.

ಬುಲ್ ಆ್ಯಲಿ ಬೀದಿಯ ಆಟದ ಮನೆಯನ್ನು ನೆನೆದ ಅಕ್ಕತಂಗಿಯರಿಗೂ ನಾನು ಋಣಿ. ಆರ್ಥರ್‌ನ ಮರಿಮಗ ಎಡ್ವರ್ಡ್ ಸೆಸಿಲ್ ಗಿನ್ನೆಸ್ 1890ರಲ್ಲಿ ಲಂಡನ್ ಮತ್ತು ಡಬ್ಲಿನ್‌ನ ಬಡವರ ವಸತಿಗಾಗಿ ಎರಡೂವರೆ ಲಕ್ಷ ಪೌಂಡ್ ಎತ್ತಿಟ್ಟರು. ಡಬ್ಲಿನ್‌ನ ಪಾಲು ಮುಂದೆ ಐವೀ ಟ್ರಸ್ಟ್ ಆಯಿತು. ಸೇಂಟ್ ಪ್ಯಾಟ್ರಿಕ್ ಕ್ಯಾಥೆಡ್ರಲ್‌ನ ಪಕ್ಕದ ಕೊಳಕು ಗಲ್ಲಿಗಳನ್ನು ತೆಗೆದು ಆ ಟ್ರಸ್ಟ್ ಕಟ್ಟಿಸಿದ ಕೆಂಪು ಇಟ್ಟಿಗೆಯ ವಠಾರಗಳಲ್ಲಿ ಇವತ್ತಿಗೂ ಬಾಡಿಗೆದಾರರು ಇದ್ದಾರೆ. ಸ್ನಾನದ ಮನೆ, ಒಂಟಿ ಗಂಡಸರಿಗೆ ತಂಗುವ ಮನೆ, ಬೀದಿ ವ್ಯಾಪಾರಿಗಳಿಗೆ ಸೂರಿರುವ ಮಾರುಕಟ್ಟೆ, ಇವೆಲ್ಲ ಆಸುಪಾಸಿನಲ್ಲೇ ಎದ್ದವು. 1915ರಲ್ಲಿ ಮಕ್ಕಳಿಗಾಗಿ ಕಟ್ಟಿದ ಆಟದ ಮನೆಯನ್ನು ಎಲ್ಲರೂ ‘ಬೇನೊ’ ಎನ್ನುತ್ತಾರೆ. ಶಾಲೆ ಬಿಟ್ಟ ಮೇಲೆ ಅಲ್ಲಿ ಹಾಡು, ಕುಣಿತ, ಹೊಲಿಗೆ, ಕೊನೆಗೆ ಒಂದು ಬನ್ನು ಮತ್ತು ಒಂದು ಲೋಟ ಕೋಕೋ. ಅಕ್ಕನಿಗೆ ನೆನಪಿರುವುದು ಕುಣಿತ, ತಂಗಿಗೆ ನೆನಪಿರುವುದು ಬನ್ನು. ಬನ್ನಿನ ಮೇಲೆ ಒಣದ್ರಾಕ್ಷಿ ಇರುತ್ತಿತ್ತೋ ಇಲ್ಲವೋ ಎಂದು ಇಬ್ಬರೂ ನನ್ನೆದುರು ವಾದಕ್ಕೆ ಬಿದ್ದರು. ವಾದ ಬಗೆಹರಿಯಲಿಲ್ಲ, ಇಬ್ಬರ ಮಾತನ್ನೂ ಸಂಗ್ರಹದಲ್ಲಿ ಉಳಿಸಿದ್ದೇವೆ.

ಕಂಪನಿಯ ವೈದ್ಯರಾಗಿದ್ದ ಜಾನ್ ಲಮ್ಸ್‌ಡೆನ್ ಅವರ ಹೆಸರು ಈ ಮಾತುಕತೆಗಳಲ್ಲಿ ಮತ್ತೆ ಮತ್ತೆ ಬಂತು. ಅವರನ್ನು ಕಣ್ಣಾರೆ ಕಂಡವರು ಈಗ ಯಾರೂ ಇಲ್ಲ. ಅಜ್ಜಿಯರು ತಮ್ಮ ಅಜ್ಜಿಯರಿಂದ ಕೇಳಿದ್ದನ್ನು ಹೇಳಿದರು. 1900ರ ಚಳಿಗಾಲದಲ್ಲಿ ಅವರು ನೌಕರರು ವಾಸಿಸುತ್ತಿದ್ದ ಸಾವಿರಕ್ಕೂ ಹೆಚ್ಚು ಮನೆಗಳ ಮೆಟ್ಟಿಲು ಹತ್ತಿ, ಒಂದೊಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ನೀರು ಎಲ್ಲಿಂದ ತರುತ್ತಾರೆ, ಕ್ಷಯ ಎಷ್ಟು ಮನೆಗಳಲ್ಲಿದೆ ಎಂದು ನೋಡಿ ಆಡಳಿತ ಮಂಡಳಿಗೆ ನೇರವಾದ ವರದಿ ಕೊಟ್ಟರು. ಬ್ರೂವರಿಯಲ್ಲಿ ಅವರು ನಡೆಸುತ್ತಿದ್ದ ಪ್ರಥಮ ಚಿಕಿತ್ಸೆಯ ತರಗತಿಗಳಿಂದಲೇ 1903ರಲ್ಲಿ ಐರ್ಲೆಂಡಿನ ಸೇಂಟ್ ಜಾನ್ ಆಂಬುಲೆನ್ಸ್ ದಳ ಹುಟ್ಟಿಕೊಂಡಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1916ರ ಈಸ್ಟರ್ ದಂಗೆಯಲ್ಲಿ ಅವರು ಗುಂಡಿನ ನಡುವೆ ಓಡಾಡಿ ಎರಡೂ ಕಡೆಯ ಗಾಯಾಳುಗಳಿಗೆ ಶುಶ್ರೂಷೆ ಮಾಡಿದರು. ಸಂಖ್ಯಾಶಾಸ್ತ್ರದವನಾಗಿ ಒಂದು ಮಾತು: ಮನೆಮನೆ ಹತ್ತಿ ಲೆಕ್ಕ ತೆಗೆದ ಈ ವೈದ್ಯ ಮತ್ತು ಆ ಗಾಸೆಟ್ ಒಂದೇ ಗೇಟಿನೊಳಗೆ, ಒಂದೇ ಕಾಲದಲ್ಲಿ ಸಂಬಳ ಎಣಿಸುತ್ತಿದ್ದರು ಎಂಬುದು ನನಗೆ ಇಂದಿಗೂ ಬೆರಗು.

ಉಚಿತ ವೈದ್ಯ, ಪಿಂಚಣಿ, ಗಂಡ ಸತ್ತರೆ ಹೆಂಡತಿಗೂ ಪಿಂಚಣಿ, ಮೊದಲ ಮಹಾಯುದ್ಧಕ್ಕೆ ಹೋದವರ ಮನೆಗೆ ಅರ್ಧ ಸಂಬಳ ಮತ್ತು ಮರಳಿ ಬಂದರೆ ಅದೇ ಕೆಲಸ, ಇಂಥ ಭದ್ರತೆ ಆ ಕಾಲದ ಡಬ್ಲಿನ್‌ನಲ್ಲಿ ಬೇರೆ ಕೂಲಿಕಾರರಿಗೆ ಕನಸು. ಆದ್ದರಿಂದಲೇ ಗಿನ್ನೆಸ್‌ನ ಆಳು ಬದುಕಿದರೂ ದುಡ್ಡು, ಸತ್ತರೂ ದುಡ್ಡು ಎಂದು ಇಲ್ಲಿನ ತಾಯಂದಿರು ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದರು. ಹೇಳಿಕೊಟ್ಟವರಲ್ಲಿ ಅನೇಕರು ಇದನ್ನು ನಗುತ್ತಲೇ ಹೇಳಿದರು.

ನಗದೆ ಹೇಳಿದವರಿಗೆ ನನ್ನ ಋಣ ಇನ್ನೂ ದೊಡ್ಡದು. ಗೇಟಿನ ಒಳಗಿದ್ದವರಿಗೆ ಇಷ್ಟೆಲ್ಲ ಇದ್ದಾಗ ಅದೇ ಮೆಟ್ಟಿಲಿನ ಎದುರು ಮನೆಯವರಿಗೆ ಏನೂ ಇರಲಿಲ್ಲ. ಒಂದೇ ಓಣಿಯಲ್ಲಿ ಯಾವ ಮಗುವಿನ ಕಾಲಿಗೆ ಬೂಟು ಇದೆ ಎಂಬುದನ್ನು ನೋಡಿ ಅಪ್ಪನ ಕೆಲಸ ಹೇಳಬಹುದಿತ್ತು ಎಂದರು ಒಬ್ಬ ಹಿರಿಯರು. ಒಳಗಿದ್ದವರಲ್ಲೂ ತಾರತಮ್ಯವಿತ್ತು: ಕೂಲಿಕಾರರು ಬಹುಪಾಲು ಕ್ಯಾಥೊಲಿಕರು, ಮೇಲಿನ ಹುದ್ದೆಗಳು ಇಪ್ಪತ್ತನೆಯ ಶತಮಾನ ಅರ್ಧ ಕಳೆಯುವವರೆಗೂ ಹೆಚ್ಚಾಗಿ ಪ್ರಾಟೆಸ್ಟೆಂಟರ ಪಾಲು. ಇನ್ನೊಬ್ಬ ತಾಯಿ, ಮಾತು ಶುರುವಾಗುವ ಮೊದಲೇ, “ಕುಡಿತದ ಬಗ್ಗೆ ಬರೆದುಕೊಳ್ಳುವುದಾದರೆ ಮಾತ್ರ ಮಾತಾಡುತ್ತೇನೆ” ಎಂದು ಷರತ್ತು ಹಾಕಿದರು. ಅವರ ಅಪ್ಪ ಬಂದರಿನಲ್ಲಿ ದಿನಗೂಲಿ, ಶುಕ್ರವಾರದ ಸಂಬಳ ಮನೆಗೆ ಬರುವ ಮೊದಲು ಪಬ್ಬಿನ ಬಾಗಿಲು ದಾಟಬೇಕಿತ್ತು, ಬಾಗಿಲ ಹೊರಗೆ ನಿಂತು ಅಪ್ಪನನ್ನು ಕರೆಯುವುದು ಹಿರಿಮಗಳಾದ ಇವರ ಕೆಲಸವಾಗಿತ್ತು. ಬೇನೊದ ಬನ್ನನ್ನೂ ಅವರು ತಿಂದಿದ್ದಾರೆ. ಅದನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ದಾನ ಮಾಡಿದವರ ಹೆಸರು ಇಲ್ಲಿ ಕಲ್ಲಿನ ಮೇಲೆ ಕೆತ್ತಿದೆ. ಗೇಟಿನ ಹೊರಗಿದ್ದವರ ಮಾತಿಗೆ ಅಂಥ ಕಲ್ಲು ಇಲ್ಲವಾದ್ದರಿಂದ ಅವರ ಪುಟಗಳನ್ನು ಸಂಗ್ರಹದ ಕೊನೆಗೆ ತಳ್ಳದೆ ನಡುವಿನಲ್ಲೇ ಇಟ್ಟಿದ್ದೇವೆ. ಇದಕ್ಕೆ ಕೆಲವು ಹಿರಿಯರ ಮುನಿಸನ್ನು ಎದುರಿಸಬೇಕಾಯಿತು. ಮುನಿಸಿಕೊಂಡರೂ ತಮ್ಮ ಮಾತನ್ನು ಹಿಂತೆಗೆದುಕೊಳ್ಳದ ಅವರಿಗೂ ವಂದನೆ.

ಇನ್ನು ನಮ್ಮವರು. ಲಿಬರ್ಟೀಸ್‌ನ ಉಚ್ಚಾರಣೆಯಲ್ಲಿ ಹೇಳಿದ ಇಂಗ್ಲಿಷನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿ ಬರೆದುಕೊಂಡ ಹಾಸನ, ಧಾರವಾಡ, ಕುಂದಾಪುರದ ಆ ವಿದ್ಯಾರ್ಥಿಗಳು ಪರೀಕ್ಷೆಯ ವಾರಗಳಲ್ಲೂ ಕೈಬಿಡಲಿಲ್ಲ. ಅವರಲ್ಲಿ ಇಬ್ಬರು ಈಗ ಕಿವಿ ಮಂದವಾದ ಅಜ್ಜನಿಗೆ ವಾರದ ಸಾಮಾನು ತಂದುಕೊಡುತ್ತಾರೆ. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ನೇರವಾಗಿ ಬಂದು ಹಿರಿಯರ ಪಕ್ಕ ಕುಳಿತು, ಅವರು ದಣಿದದ್ದನ್ನು ನನಗಿಂತ ಮೊದಲು ಗುರುತಿಸಿ ಮಾತು ನಿಲ್ಲಿಸುತ್ತಿದ್ದ ನರ್ಸ್ ಅಕ್ಕನಿಗೆ ಎಷ್ಟು ಹೇಳಿದರೂ ಸಾಲದು. ಕಾಫಿ, ಚಕ್ಕುಲಿ, ಕೊನೆಕೊನೆಗೆ ಅಜ್ಜಿಯರೇ ಕೇಳಿ ಮಾಡಿಸಿಕೊಂಡ ಮೈಸೂರು ಪಾಕು, ಇವುಗಳ ಖರ್ಚನ್ನೂ ಶ್ರಮವನ್ನೂ ಹೊತ್ತ ನನ್ನ ಹೆಂಡತಿಗೆ ಬಹಿರಂಗವಾಗಿ ವಂದನೆ ಹೇಳಿದರೆ ಆಕೆ ಸಂಕೋಚಪಡುತ್ತಾಳೆ, ಆದರೂ ಹೇಳುತ್ತೇನೆ. ಕಪಾಟಿನಲ್ಲಿ ಜಾಗ ಕೊಟ್ಟದ್ದಲ್ಲದೆ ಸಂಜೆ ಬಾಗಿಲು ಹಾಕುವ ಹೊತ್ತನ್ನು ನಮಗಾಗಿ ಮುಂದೂಡುತ್ತಿದ್ದ ಗ್ರಂಥಪಾಲಕರಿಗೂ ಇದು ತಲುಪಲಿ.

ಊರಿನಲ್ಲಿರುವ ದೊಡ್ಡಪ್ಪ ಫೋನಿನಲ್ಲಿ, ಸಾರಾಯಿ ನಿಲ್ಲಿಸಿರೆಂದು ಹೆಣ್ಣುಮಕ್ಕಳು ಬೀದಿಗಿಳಿದ ನಾಡಿನವನು ನೀನು, ಬಿಯರ್ ಕಾರ್ಖಾನೆಯ ಗುಣಗಾನಕ್ಕೆ ಕೂತೆಯಾ ಎಂದು ಕೇಳಿದರು. ಷರತ್ತು ಹಾಕಿದ ತಾಯಿಯ ಪುಟಗಳನ್ನು ಕನ್ನಡಕ್ಕೆ ತಿರುಗಿಸಿ ಅವರಿಗೆ ಕಳುಹಿಸಿದೆ. ಓದಿದ ಮೇಲೆ ಅವರೇ ಕರೆ ಮಾಡಿ, ಬೆಂಗಳೂರಿನಲ್ಲಿ ಈಗ ಯುಬಿ ಸಿಟಿ ನಿಂತಿರುವ ಜಾಗದಲ್ಲಿ ಹಿಂದೆ ಇದ್ದ ಬ್ರೂವರಿಯನ್ನು ತಾವು ಕಂಡದ್ದನ್ನು ಹೇಳತೊಡಗಿದರು. ಅವರ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದೇನೆ. ಆ ಬ್ರೂವರಿಯಲ್ಲಿ ದುಡಿದವರು, ಅದರ ಸುತ್ತಮುತ್ತ ಬಾಳಿದವರು, ಅದರಿಂದ ನೊಂದವರು ನಿಮ್ಮ ಮನೆಗಳಲ್ಲಿ ಇದ್ದರೆ ದಯವಿಟ್ಟು ಅವರನ್ನು ಮಾತಾಡಿಸಿ. ಕೇಳಿ ಬರೆದುಕೊಳ್ಳಲು ಹಾಸನದ ಹುಡುಗ ಈಗಾಗಲೇ ಒಪ್ಪಿದ್ದಾನೆ, ಬೇಸಿಗೆಗೆ ಊರಿಗೆ ಬರುತ್ತಾನೆ.