ಮೊಲದ ಕಥೆಯಲ್ಲಿ ಚಿಗಟಕ್ಕೂ ಜಾಗವಿರಲಿ

ಮಾನ್ಯರೇ,

ಆಸ್ಟ್ರೇಲಿಯದ ಕಾಡುಮೊಲಗಳ ಹಾವಳಿಯ ಬಗ್ಗೆ ಕನ್ನಡದಲ್ಲಿ ಆಗಾಗ ಬರುವ ಬರಹಗಳು 1859ರಲ್ಲಿ ಥಾಮಸ್ ಆಸ್ಟಿನ್ ವಿಕ್ಟೋರಿಯಾದಲ್ಲಿ ಬಿಟ್ಟ ಮೊಲಗಳಿಂದ ಆರಂಭವಾಗಿ, 1950ರಲ್ಲಿ ಅವುಗಳನ್ನು ಹತೋಟಿಗೆ ತರಲೆಂದು ಅಲ್ಲಿ ಹರಡಿಸಿದ, ಮೊಲಗಳಿಗೆ ಮಾರಕ ರೋಗ ತರುವ ಮಿಕ್ಸೊಮಾ ವೈರಾಣುವಿನೊಂದಿಗೆ ಮುಗಿದುಬಿಡುತ್ತವೆ. ಆ ವೈರಾಣುವನ್ನು ಮೊಲದಿಂದ ಮೊಲಕ್ಕೆ ಹೊತ್ತೊಯ್ಯುವ ಚಿಗಟದ ಮಾತೇ ಬರುವುದಿಲ್ಲ. ಬಹುಕಾಲ ಪ್ರಾಣಿಶಾಸ್ತ್ರ ಕಲಿಸಿದ ನನಗೆ ಇದು ದೊಡ್ಡ ಕೊರತೆಯೆನಿಸುತ್ತದೆ.

1953ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟ ಈ ರೋಗ ಅಲ್ಲಿ ಹರಡಿದ್ದು ಮುಖ್ಯವಾಗಿ ಯುರೋಪಿನ ಮೊಲದ ಚಿಗಟದಿಂದ. ಆಸ್ಟ್ರೇಲಿಯದಲ್ಲಿ ಆ ಚಿಗಟ ಇರಲೇ ಇಲ್ಲ. ಸೊಳ್ಳೆಗಳು ಹೆಚ್ಚುವ ಕಾಲಕ್ಕಾಗಿ ರೋಗ ಕಾಯಬೇಕಿತ್ತು. ಆದ್ದರಿಂದಲೇ 1960ರ ದಶಕದಲ್ಲಿ ಚಿಗಟವನ್ನು ಅಲ್ಲಿಗೆ ತರಿಸಿ ಬಿಡಲಾಯಿತು. ಮಳೆ ಬೀಳುವ ಸೀಮೆಯಲ್ಲಿ ಅದು ನೆಲೆಯೂರಿತು, ಆದರೆ ವರ್ಷಕ್ಕೆ 200 ಮಿಲಿಮೀಟರಿಗಿಂತ ಕಡಿಮೆ ಮಳೆಯಾಗುವ ಒಣನೆಲದಲ್ಲಿ ಉಳಿಯಲಿಲ್ಲ.

ಹೀಗಾಗಲು ಕಾರಣ ಅದರ ಬದುಕಿನ ರೀತಿಯಲ್ಲೇ ಇದೆ. ಈ ಚಿಗಟ ಮೊಲದ ಕಿವಿಗೆ ಬಾಯಿ ಚುಚ್ಚಿಕೊಂಡು ದಿನಗಟ್ಟಲೆ ಅಲುಗದೆ ಕೂತಿರುತ್ತದೆ. ಹೆಣ್ಣು ಮೊಲ ತುಂಬು ಗಬ್ಬವಾಗಿ ಅದರ ರಕ್ತದಲ್ಲಿ ಹಾರ್ಮೋನುಗಳು ಏರಿದಾಗ ಮಾತ್ರ ಚಿಗಟದ ಮೊಟ್ಟೆಗಳು ಬಲಿಯುತ್ತವೆ. ಮೊಲ ಈದೊಡನೆ ಚಿಗಟಗಳು ಮರಿಗಳ ಮೈಗೆ ದಾಟಿ, ಅಲ್ಲಿ ಕೂಡಿ, ತಾಯಿ ತನ್ನ ತುಪ್ಪಳ ಕಿತ್ತು ಹಾಸಿದ ಗೂಡಿನಲ್ಲಿ ಮೊಟ್ಟೆಯಿಡುತ್ತವೆ. ಇದನ್ನು ತೋರಿಸಿಕೊಟ್ಟವರು ಬ್ರಿಟನ್ನಿನ ಕೀಟವಿಜ್ಞಾನಿ ಮಿರಿಯಮ್ ರಾಥ್‌ಚೈಲ್ಡ್. ಬರದಲ್ಲಿ ಮೊಲ ಈಯುವುದನ್ನೇ ನಿಲ್ಲಿಸಿದರೆ ಚಿಗಟದ ಸಂತತಿಯೂ ನಿಲ್ಲುತ್ತದೆ.

ಆ ಕೊರತೆ ತುಂಬಲೆಂದು 1990ರ ದಶಕದಲ್ಲಿ ಸ್ಪೇನಿನ ಒಣ ಪ್ರದೇಶದ ಇನ್ನೊಂದು ಚಿಗಟವನ್ನು ತಂದರು. ಮೊಲದ ಬಸಿರಿಗೆ ಕಾಯದೆ ಬಿಲದಲ್ಲೇ ವಂಶ ಬೆಳೆಸುವ ಇದು, ಪ್ಲೇಗ್ ಹರಡುವ ಇಲಿ ಚಿಗಟದ ಕುಲಕ್ಕೇ ಸೇರಿದ್ದು. 1898ರ ಪ್ಲೇಗಿನ ನೆನಪಿರುವ ಬೆಂಗಳೂರಿನ ಓದುಗರಿಗೆ ಈ ನಂಟು ತಿಳಿದಿರಬೇಕು.

ಕೊನೆಯದಾಗಿ ಒಂದು ವಿನಂತಿ. ನಮ್ಮ ಬಯಲುಸೀಮೆಯ ಮೊಲ ಬೇರೆಯೇ ಪ್ರಾಣಿ. ಅದು ಬಿಲ ತೋಡುವುದಿಲ್ಲ. ಅದರ ಮರಿಗಳು ಕಣ್ತೆರೆದು, ಮೈತುಂಬ ಕೂದಲಿನೊಂದಿಗೆ ಹುಲ್ಲಿನ ಮರೆಯಲ್ಲೇ ಹುಟ್ಟುತ್ತವೆ. ಕನ್ನಡದಲ್ಲಿ ಎರಡಕ್ಕೂ ಮೊಲವೆಂಬ ಒಂದೇ ಹೆಸರಿರುವುದರಿಂದ, ಇಂಥ ಬರಹಗಳನ್ನು ಪ್ರಕಟಿಸುವಾಗ ಆ ಮೊಲವನ್ನು 'ಬಿಲದ ಮೊಲ' ಎಂದು ಬರೆದರೂ ಸಾಕು, ನಮ್ಮ ಹೊಲದಂಚಿನ ಮೊಲಕ್ಕೆ ಇಲ್ಲದ ಆರೋಪ ತಟ್ಟುವುದು ತಪ್ಪುತ್ತದೆ.

– ನಿವೃತ್ತ ಉಪನ್ಯಾಸಕ, ಮೈಸೂರು