ವಿದೇಶದಿಂದ ಕೆಲಸ: ನಿಯಮ ಬರೆದು ಕೊಡಿ

ಮಾನ್ಯ ಸಂಪಾದಕರೇ,

ಬರುವ ಮಾರ್ಚ್‌ನಲ್ಲಿ ನನ್ನ ಮೌಂಟನ್ ಬೈಕ್ ತಗೊಂಡು ನ್ಯೂಜಿಲೆಂಡಿನ ರೊಟೊರುವಾಕ್ಕೆ ಹೋಗುತ್ತಿದ್ದೇನೆ. ಒಟ್ಟು 24 ದಿನ. ಅದರಲ್ಲಿ ರಜೆ ಆರೇ ದಿನ. ಉಳಿದ ಕೆಲಸದ ದಿನಗಳಲ್ಲಿ ಅಲ್ಲಿಂದಲೇ ಬೆಂಗಳೂರಿನ ಕಂಪನಿಯ ಕೆಲಸ. ನಾಲ್ಕು ವರ್ಷದಿಂದ ಕೊಪ್ಪದ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಬೆಳಿಗ್ಗೆ ತೋಟದ ದಾರಿಗಳಲ್ಲಿ ಸೈಕಲ್ ತುಳಿದು ಬಂದೇ ಲಾಗಿನ್ ಆಗುವುದು. ರೊಟೊರುವಾ ಊರಿನ ಅಂಚಿಗೇ ಫಾಕರೆವಾರೆವಾ ಎಂಬ ಕಾಡಿದೆ. ಅದರೊಳಗೆ ಸೈಕಲ್ಲಿಗೆಂದೇ ಮಾಡಿದ ದಾರಿ 180 ಕಿ.ಮೀ.ಗೂ ಜಾಸ್ತಿ. ಎಷ್ಟು ಕಷ್ಟದ ದಾರಿ ಅಂತ 1ರಿಂದ 6ರವರೆಗೆ ದರ್ಜೆ ಹಾಕಿದ್ದಾರೆ.

ಮಾರ್ಚ್‌ನಲ್ಲಿ ಅಲ್ಲಿನ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ. ನಮ್ಮ ಬೆಳಿಗ್ಗೆ ಹತ್ತರ ಮೀಟಿಂಗ್ ಅಲ್ಲಿ ಸಂಜೆ ಐದೂವರೆಗೆ. ಹಾಗಾಗಿ ಬೆಳಿಗ್ಗೆ ಎಂಟರಿಂದ ಒಂದರವರೆಗೆ ಕಾಡು, ಮೂರರಿಂದ ರಾತ್ರಿ ಹನ್ನೆರಡರವರೆಗೆ ಕೆಲಸ. ಮ್ಯಾನೇಜರ್ ಇದಕ್ಕೆ ಒಂದೇ ಮಾತಿಗೆ ಒಪ್ಪಿದರು. ತೊಂದರೆಯಾದದ್ದು ಅನುಮತಿಯ ವಿಷಯದಲ್ಲಿ.

"ಯಾರಿಗೂ ಹೇಳ್ಬೇಡ, ಸುಮ್ನೆ ಹೋಗಿ ಬಾ" ಅಂದವರೇ ಜಾಸ್ತಿ. ನಮ್ಮ ತಂಡದ ಹುಡುಗನೊಬ್ಬ ಹಾಗೇ ಹೇಳದೆ ಬೇರೊಂದು ದೇಶಕ್ಕೆ ಹೋಗಿದ್ದ. ಮೂರನೇ ದಿನ ಆಫೀಸಿನ ಸಿಸ್ಟಮ್ ಅದು ಹೊರದೇಶದ ಲಾಗಿನ್ ಅಂತ ಗುರುತಿಸಿ ಅಕೌಂಟ್ ಲಾಕ್ ಮಾಡಿತು. ಪ್ರವಾಸ ಅರ್ಧಕ್ಕೇ ಬಿಟ್ಟು ಬಂದ. ಅವನದು ತಪ್ಪೇ. ಆದರೆ ಕೇಳಿಯೇ ಹೋಗೋಣ ಅಂದರೆ ಯಾರನ್ನು ಕೇಳಬೇಕು? ನಾನು ಕೇಳಿದೆ. ಎಚ್‌ಆರ್‌ನವರು ಐಟಿಯವರನ್ನು ಕೇಳಿ ಅಂದರು. ಐಟಿಯವರು ಲೀಗಲ್‌ನವರನ್ನು ಕೇಳಿ ಅಂದರು. ಲೀಗಲ್‌ನವರು ವಾಪಸ್ ಎಚ್‌ಆರ್ ಕಡೆಗೇ ಕಳಿಸಿದರು. ಒಪ್ಪಿಗೆ ಬರಹದಲ್ಲಿ ಕೈಗೆ ಸಿಗಲು ಐದು ವಾರ ಬೇಕಾಯಿತು.

ನ್ಯೂಜಿಲೆಂಡಿನ ನಿಯಮ ನೋಡಿಕೊಳ್ಳಲು ಹತ್ತು ನಿಮಿಷ ಸಾಕಾಯಿತು. ಪ್ರವಾಸಿ ವೀಸಾದಲ್ಲಿ ಬಂದವರು ಹೊರದೇಶದ ಕಂಪನಿಗೆ ಅಲ್ಲಿಂದಲೇ ಕೆಲಸ ಮಾಡಬಹುದು ಅಂತ 2025ರ ಜನವರಿ 27ರಿಂದ ಜಾರಿಗೆ ತಂದಿದ್ದಾರೆ. ಆದರೆ ಅಲ್ಲಿನ ಕಂಪನಿಗೆ ಕೆಲಸ ಮಾಡುವಂತಿಲ್ಲ. 90 ದಿನ ದಾಟಿದರೆ ತೆರಿಗೆಯ ಪ್ರಶ್ನೆ ಬರಬಹುದು, ವಿಚಾರಿಸಿಕೊಳ್ಳಿ ಅಂತಲೂ ಬರೆದಿದ್ದಾರೆ. ಒಂದು ದೇಶ ಇಷ್ಟು ನೇರವಾಗಿ ಹೇಳಬಹುದಾದರೆ ಒಂದು ಕಂಪನಿಗೆ ಯಾಕೆ ಆಗುವುದಿಲ್ಲ? ಎಲ್ಲ ದೇಶಗಳಲ್ಲೂ ಹೀಗೆ ಬಿಡುವುದಿಲ್ಲ, ಅದೂ ನೆನಪಿರಲಿ.

ಹೋದ ಭಾನುವಾರ ಸೈಕಲ್ ಬಿಚ್ಚಿ ಪೆಟ್ಟಿಗೆಗೆ ಹಾಕಿ ನೋಡಿದೆ. ಅದಕ್ಕೂ ಮೊದಲು ಎರಡು ಗಂಟೆ ಬರೀ ತೊಳೆದದ್ದೇ ಆಯಿತು. ಟೈರಿನ ಉಬ್ಬುಗಳ ಸಂದಿಯಲ್ಲಿ, ಹಿಂದಿನ ಚಕ್ರದ ಹಲ್ಲುಗಳ ನಡುವೆ, ಶೂ ತಳದಲ್ಲಿ ನಮ್ಮ ತೋಟದ ಕೆಂಪು ಮಣ್ಣು ಒಣಗಿ ಕೂತಿತ್ತು. ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ ಉಜ್ಜಿ ತೆಗೆದೆ. ಬಳಸಿದ ಸೈಕಲ್, ಶೂ ತರುತ್ತಿದ್ದೇವೆ ಅಂತ ಅಲ್ಲಿ ಇಳಿಯುವಾಗ ಬರೆದು ಕೊಡಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ನನಗೆ ಇದು ಅತಿ ಅನ್ನಿಸಲಿಲ್ಲ. ನಮ್ಮ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಇದೆಯಲ್ಲ, ಅದೇ ಕುಲದ ಇನ್ನೊಂದು ಜೀವಿ ಅಲ್ಲಿನ ಕೌರಿ ಮರಗಳನ್ನು ಸಾಯಿಸುತ್ತಿದೆ. ಅದು ಹರಡುವುದು ಮಣ್ಣಿನಿಂದಲೇ. ಪ್ರತಿ ಮಳೆಗಾಲ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಅಪ್ಪನಿಗೆ ಇದನ್ನು ಹೇಳಿದೆ. "ಹಂಗಾದ್ರೆ ಇನ್ನೊಂದ್ಸಲ ತೊಳಿ" ಅಂದರು. ತೊಳೆದೆ.

ಇನ್ನೆರಡು ಸಂಗತಿ ನನ್ನಂತೆ ಹೋಗುವವರಿಗೆ. ನಾನು ಮೊದಲು ನೋಡಿದ ವಿಮೆಯ ಕೊನೇ ಪುಟದಲ್ಲಿ ಸಾಹಸ ಕ್ರೀಡೆಗೆ ಅನ್ವಯಿಸದು ಅಂತಿತ್ತು. ಏಜೆಂಟ್ ಅದನ್ನು ಹೇಳಿರಲಿಲ್ಲ. ಬಿದ್ದು ಪೆಟ್ಟಾದರೆ ಪ್ರವಾಸಿಗರ ಚಿಕಿತ್ಸೆಗೂ ಅಲ್ಲಿನ ಎಸಿಸಿ ಎಂಬ ಸರ್ಕಾರಿ ವ್ಯವಸ್ಥೆ ನೆರವಾಗುತ್ತದೆ. ಆದರೆ ಕಾಯಿಲೆಗೆ, ಊರಿಗೆ ಕರೆತರುವ ಖರ್ಚಿಗೆ ಅದು ಬರುವುದಿಲ್ಲ. ಹಾಗಾಗಿ ವಿಮೆ ಬೇಕೇ ಬೇಕು. ಇನ್ನೊಂದು, ದುಬಾರಿ ಸೈಕಲ್ ಒಯ್ಯುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಅದನ್ನು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆದುಕೊಳ್ಳಿ. ವಾಪಸ್ ಬರುವಾಗ ಇದು ಅಲ್ಲಿ ಕೊಂಡದ್ದಲ್ಲ, ನಿಮ್ಮದೇ ಅನ್ನುವುದಕ್ಕೆ ಅದೇ ದಾಖಲೆ.

ಮನೆಯಿಂದ ಕೆಲಸ ಮಾಡಿಸುವ ಕಂಪನಿಗಳಿಗೆ ನನ್ನ ಕೋರಿಕೆ ಇಷ್ಟೇ. ಯಾವ ದೇಶದಿಂದ ಕೆಲಸ ಮಾಡಬಹುದು, ಎಷ್ಟು ದಿನ, ಲ್ಯಾಪ್‌ಟಾಪ್ ಒಯ್ಯಬಹುದೇ, ಒಪ್ಪಿಗೆ ಕೊಡುವವರು ಯಾರು ಅಂತ ಒಂದೇ ಒಂದು ಪುಟ ಬರೆದು ಎಲ್ಲರ ಕೈಗೆ ಕೊಡಿ. ಬೇಡ ಅನ್ನುವುದಾದರೆ ಅದನ್ನೂ ಬರೆಯಿರಿ, ಬೇಜಾರಿಲ್ಲ. ನಿಜ ಹೇಳಿ ಹೋಗಬೇಕು ಅನ್ನುವವರು ಐದು ವಾರ ಅಲೆಯುವುದು, ಹೇಳದೆ ಹೋಗುವವರು ಮರುದಿನವೇ ಟಿಕೆಟ್ ಮಾಡುವುದು ಸರಿಯಲ್ಲ ಅಲ್ವಾ?

ನಿಮ್ಮ ಪತ್ರಿಕೆಯ ಪ್ರವಾಸದ ಪುಟದಲ್ಲೂ ಇಂಥ ವೀಸಾ, ವಿಮೆ, ಕಸ್ಟಮ್ಸ್ ವಿಷಯಗಳಿಗೆ ಜಾಗ ಕೊಡಿ. ಏಪ್ರಿಲ್‌ನಲ್ಲಿ ಊರಿಗೆ ಬಂದ ಮೇಲೆ, ನನ್ನ ಹತ್ತಿರ ಎಲ್ಲೆಲ್ಲಿ ಯಾವ ಕಾಗದ ಕೇಳಿದರು ಅಂತ ಬರೆದು ಕಳಿಸುತ್ತೇನೆ.

– ಒಬ್ಬ ಓದುಗಿ, ಕೊಪ್ಪ