ಲಿಥಿಯಂ ಬ್ಯಾಟರಿ ಬ್ಯಾಂಕ್‌ಗಳ ತಾಮ್ರದ ಪಟ್ಟಿ ಮತ್ತು ಹೆಚ್ಚಿದ ದರದ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕ ಬಂಧುಗಳೇ,

ಶರಣು ಶರಣಾರ್ಥಿಗಳು.

ನಮ್ಮಲ್ಲಿ ಜೋಡಿಸುವ 51.2 ವೋಲ್ಟ್, 280 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಬ್ಯಾಂಕ್‌ಗಳಲ್ಲಿ ಸೆಲ್ಲಿನಿಂದ ಸೆಲ್ಲಿಗೆ ಹಾಕುವ ತಾಮ್ರದ ಪಟ್ಟಿಯ ಅಳತೆಯನ್ನು ಈ ತಿಂಗಳಿನಿಂದ ಬದಲಾಯಿಸಿದ್ದೇವೆ. 20 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಒಂದು ಪಟ್ಟಿ ಇದ್ದ ಜಾಗದಲ್ಲಿ 25 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಎರಡು ಪಟ್ಟಿಗಳು ಒಂದರ ಮೇಲೊಂದು ಕೂಡುತ್ತವೆ. ಎರಡೂ ತುದಿಗಳಿಂದ ಕರೆಂಟು ಹೊರಹೋಗುವ ಮೈನ್ ಪಟ್ಟಿಗಳು 30 × 5 ಮಿ.ಮೀ. ಆಗಿವೆ. ಇದರಿಂದ ಪ್ರತಿ ಬ್ಯಾಂಕ್‌ನ ದರ 4,200 ರೂಪಾಯಿ ಹೆಚ್ಚಾಗಿದೆ. ಸುಗ್ಗಿ ಮುಗಿದು ಬೇಸಿಗೆ ಎದುರಿಗಿರುವಾಗ ಈ ಭಾರ ನಿಮ್ಮ ಮೇಲೆ ಬೀಳುತ್ತಿರುವುದಕ್ಕೆ ಮನಃಪೂರ್ವಕವಾಗಿ ಕ್ಷಮೆ ಕೋರುತ್ತೇವೆ. ಆದರೆ ಕೊಟೇಷನ್ ನೋಡಿದ ಹಲವರು ಆಡಿದ ಒಂದು ಮಾತು ನಮಗೆ ನೋವು ತಂದಿರುವುದರಿಂದ, ಲೆಕ್ಕವನ್ನು ನಿಮ್ಮ ಮುಂದೆ ಬಿಚ್ಚಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇವೆ.

ಆ ಮಾತು ಹೀಗಿದೆ: “ಸೆಲ್ಲಿನ ಪೆಟ್ಟಿಗೆಯಲ್ಲೇ ಪಟ್ಟಿ ಉಚಿತವಾಗಿ ಬರುತ್ತದೆ. ಅದನ್ನು ತೆಗೆದಿಟ್ಟು ನಿಮ್ಮ ಪಟ್ಟಿಗೆ ಹಣ ಕೇಳುವುದು ಯಾವ ನ್ಯಾಯ?”

ಸೆಲ್ಲಿನ ಜೊತೆಗೆ ಪಟ್ಟಿ ಬರುವುದು ನಿಜ, ಅದು ತಾಮ್ರದ್ದೇ ಎಂಬುದೂ ನಿಜ. ನಾವೂ ಅದನ್ನೇ ಬಳಸುತ್ತಿದ್ದೆವು, ಮತ್ತು ಆಗಿನ ಕೆಲಸಕ್ಕೆ ಅದು ಸಾಕಾಗಿತ್ತು. ನಮ್ಮ ಹೆಚ್ಚಿನ ಗ್ರಾಹಕರು 5 ಕಿಲೋವ್ಯಾಟ್‌ನ ಒಂದೇ ಇನ್ವರ್ಟರ್ ಇಟ್ಟಿದ್ದರು. ಬ್ಯಾಟರಿ ಇಳಿಯುತ್ತ 48 ವೋಲ್ಟ್‌ಗೆ ಬಂದಾಗ, ಇನ್ವರ್ಟರ್‌ನ ಒಳನಷ್ಟವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಪೂರ್ಣ ಲೋಡಿನಲ್ಲಿ ಹರಿಯುವುದು ಸುಮಾರು 110 ಆಂಪಿಯರ್. 20 × 2ರ ಪಟ್ಟಿಗೆ 40 ಚದರ ಮಿಲಿಮೀಟರ್ ಅಡ್ಡಕೊಯ್ತ ಇರುತ್ತದೆ. ಅಂದರೆ ಚದರ ಮಿಲಿಮೀಟರಿಗೆ 2.75 ಆಂಪಿಯರ್. ಗಾಳಿಯಾಡುವ ಕಡೆ, ನಾಲ್ಕು ಬೆರಳಿನಷ್ಟೂ ಉದ್ದವಿಲ್ಲದ ಪಟ್ಟಿ ಇಷ್ಟನ್ನು ತಡೆದುಕೊಳ್ಳುತ್ತದೆ.

ಈಗ ನೀವೇ ಕೇಳುತ್ತಿರುವುದು ಬೇರೆ. ಕಪನೂರಿನ ಬೇಳೆ ಮಿಲ್ಲುಗಳಲ್ಲಿ ತೊಗರಿಬೇಳೆಯ ಬಣ್ಣ ಬೇರ್ಪಡಿಸುವ ಸಾರ್ಟರ್ ಯಂತ್ರ ಮತ್ತು ಅದರ ಕಂಪ್ರೆಸರ್, ನರ್ಸಿಂಗ್ ಹೋಮ್‌ಗಳಲ್ಲಿ ಎರಡು ಮೂರು ಏಸಿ, ಮನೆಗಳಲ್ಲಿ ಬೋರ್‌ವೆಲ್ ಮೋಟಾರು, ಎಲ್ಲವೂ ಅದೇ ಬ್ಯಾಂಕ್‌ನ ಮೇಲೆ ಓಡಬೇಕಾಗಿದೆ. 10 ಕಿಲೋವ್ಯಾಟ್‌ನ ಇನ್ವರ್ಟರ್ 48 ವೋಲ್ಟ್‌ನಲ್ಲಿ 220 ಆಂಪಿಯರ್‌ಗೂ ಮೇಲೆ ಎಳೆಯುತ್ತದೆ, ಮೋಟಾರು ಹತ್ತುವ ಕ್ಷಣದಲ್ಲಿ ಇನ್ನೂ ಹೆಚ್ಚು. ಅದೇ 40 ಚದರ ಮಿಲಿಮೀಟರಿನಲ್ಲಿ ಈಗ ಚದರ ಮಿಲಿಮೀಟರಿಗೆ ಐದೂವರೆ ಆಂಪಿಯರ್ ಆಯಿತು. ಪ್ಯಾನೆಲ್ ಬೋರ್ಡ್ ಮಾಡುವ ಯಾವ ಅನುಭವಿ ಮಿಸ್ತ್ರಿಯನ್ನಾದರೂ ಕೇಳಿ ನೋಡಿ: ಮುಚ್ಚಿದ ಪೆಟ್ಟಿಗೆಯೊಳಗಿನ ತಾಮ್ರಕ್ಕೆ ಅವರು ಹಿಡಿಯುವ ಲೆಕ್ಕ ಚದರ ಮಿಲಿಮೀಟರಿಗೆ ಸುಮಾರು 1.6 ಆಂಪಿಯರ್. ನಮ್ಮ ಮೈನ್ ಪಟ್ಟಿಯ 150 ಚದರ ಮಿಲಿಮೀಟರ್ ಆ ಲೆಕ್ಕದೊಳಗೇ ಇದೆ. ಸೆಲ್ಲುಗಳ ನಡುವಿನ ಪಟ್ಟಿ ತೀರ ಗಿಡ್ಡವಾದ್ದರಿಂದ ಅಲ್ಲಿ 100 ಚದರ ಮಿಲಿಮೀಟರ್ ಸಾಕೆಂದು ತೀರ್ಮಾನಿಸಿದೆವು. ಅದಕ್ಕಿಂತ ದಪ್ಪ ಹಾಕಿ ಬಿಲ್ಲು ಬೆಳೆಸುವ ಆಸೆ ನಮಗೆ ಇಲ್ಲ.

ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ, ಏಕೆಂದರೆ ಇಡೀ ಬದಲಾವಣೆ ನಿಂತಿರುವುದೇ ಇದರ ಮೇಲೆ. ಸೆಲ್ಲಿನ ನಡುವಿನ 72 ಮಿ.ಮೀ. ಅಂತರಕ್ಕೆ ಹಳೆಯ ಪಟ್ಟಿಯ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಸುಮಾರು 0.031 ಮಿಲಿಓಮ್. 110 ಆಂಪಿಯರ್‌ನಲ್ಲಿ ಅದು ಅರ್ಧ ವ್ಯಾಟಿಗಿಂತ ಕಡಿಮೆ, ಅಂದರೆ 0.37 ವ್ಯಾಟ್ ಬಿಸಿ ಹುಟ್ಟಿಸುತ್ತದೆ; 220ರಲ್ಲಿ 1.5 ವ್ಯಾಟ್. ಹದಿನಾರು ಸೆಲ್ಲುಗಳ ನಡುವಿನ ಹದಿನೈದು ಪಟ್ಟಿಗೆ 22 ವ್ಯಾಟ್ ದಾಟುತ್ತದೆ. ಹೊಸ ಜೋಡಿ ಪಟ್ಟಿಯಲ್ಲಿ ಅದೇ ಕರೆಂಟಿಗೆ ಜೋಡಿಯೊಂದಕ್ಕೆ 0.6 ವ್ಯಾಟ್, ಒಟ್ಟು 9 ವ್ಯಾಟ್. ಸೆಲ್ಲು ತನ್ನೊಳಗೆ ಹುಟ್ಟಿಸಿಕೊಳ್ಳುವ ಬಿಸಿ ಇದಕ್ಕಿಂತ ಬಹಳ ಹೆಚ್ಚು ಎಂದು ಬಲ್ಲವರು ಹೇಳಬಹುದು, ಅದು ಸರಿ. ಆದರೆ ಆ ಬಿಸಿ ಸೆಲ್ಲಿನ ಮೈತುಂಬ ಹರಡಿಕೊಂಡಿರುತ್ತದೆ, ಪಟ್ಟಿಯ ಬಿಸಿ ನೇರವಾಗಿ ಟರ್ಮಿನಲ್ಲಿಗೇ ಇಳಿಯುತ್ತದೆ. ಕಾದ ತಾಮ್ರದ ರೋಧವೂ ಏರುತ್ತದೆ. 20 ಡಿಗ್ರಿಯಿಂದ 70 ಡಿಗ್ರಿಗೆ ಹೋದರೆ ಸುಮಾರು ಶೇ. 20ರಷ್ಟು. ಕಲಬುರಗಿಯ ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ದಾಟಿರುವಾಗ ಈ ಏರಿಕೆ ಶುರುವಾಗುವುದು ಎಲ್ಲಿಂದ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತಂಪು ದೇಶದ ಕೋಷ್ಟಕ ನೋಡಿ ಅಳತೆ ಕಟ್ಟುವ ಅನುಕೂಲ ನಮ್ಮ ಊರಿಗೆ ಇಲ್ಲ.

ಇನ್ನು ಕೆಲವರು, “ಎರಡು ತೆಳು ಪಟ್ಟಿ ಏಕೆ, 4 ಮಿ.ಮೀ.ನ ಒಂದೇ ಗಟ್ಟಿ ಪಟ್ಟಿ ಅಗ್ಗವಲ್ಲವೇ” ಎಂದು ಕೇಳಿದ್ದಾರೆ. ಅಗ್ಗವೇ. ಕತ್ತರಿಸುವ ಮತ್ತು ತೂತು ಕೊರೆಯುವ ಕೆಲಸ ಅರ್ಧ ಉಳಿಯುತ್ತದೆ. ಆದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲು ಚಾರ್ಜ್ ಆಗುವಾಗ ಉಬ್ಬುತ್ತದೆ, ಇಳಿಯುವಾಗ ಕುಗ್ಗುತ್ತದೆ. ಆ ಚಲನೆ ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ವರ್ಷಗಟ್ಟಲೆ ದಿನವೂ ನಡೆಯುತ್ತದೆ. ಗಟ್ಟಿ ಪಟ್ಟಿ ಬಾಗದಿದ್ದರೆ ಆ ಎಳೆತವೆಲ್ಲ ಅಲ್ಯುಮಿನಿಯಂ ಟರ್ಮಿನಲ್ಲಿನಲ್ಲಿ ಬೋಲ್ಟು ಕೂರುವ ಥ್ರೆಡ್ಡಿನ ಮೇಲೆ ಬೀಳುತ್ತದೆ. ಅಷ್ಟೇ ತಾಮ್ರವನ್ನು ಎರಡು ಎಲೆಯಾಗಿ ಇಟ್ಟರೆ ಬಿಗಿತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಡುವೆ ಸಣ್ಣ ಕಮಾನು ಕೊಟ್ಟಿರುವುದೂ ಇದಕ್ಕಾಗಿಯೇ. ಅದನ್ನು ಅಂದಕ್ಕೆಂದು ತಿಳಿದು ಯಾರೂ ತಟ್ಟಿ ಚಪ್ಪಟೆ ಮಾಡಬೇಡಿರಿ.

ಜೋಡಣೆಯ ಜಾಗವನ್ನು ಯಾರೂ ಬಿಲ್ಲಿನಲ್ಲಿ ನೋಡುವುದಿಲ್ಲ, ಹಣ ಹೋಗುವುದು ಮಾತ್ರ ಅಲ್ಲಿಯೇ. ಸೆಲ್ಲಿನ ಟರ್ಮಿನಲ್ಲು ಅಲ್ಯುಮಿನಿಯಂ. ಗಾಳಿ ತಾಗಿದೊಡನೆ ಅದರ ಮೇಲೆ ಕರೆಂಟು ಬಿಡದ ಪೊರೆ ಕಟ್ಟುತ್ತದೆ, ಬರಿ ತಾಮ್ರದ ಜೊತೆ ತೇವ ಸೇರಿದರೆ ಸವೆಯುತ್ತದೆ. ಮನೆಯ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುವ ಹಾಗೆಯೇ ಪಟ್ಟಿಗೂ ತವರದ ಲೇಪ ಬೇಕು. ಆ ಕೆಲಸ ಒಪ್ಪವಾಗಿ ಆಗುವುದು ಹೈದರಾಬಾದಿನಲ್ಲಿ. ಹೋಗಿಬರುವ ಲಾರಿ ಬಾಡಿಗೆ, ಜಾಬ್ ವರ್ಕಿನ ಹಣ, ಗೀರು ಬಿದ್ದು ಹಿಂತಿರುಗುವ ಪಟ್ಟಿಗಳು, ಎಲ್ಲವೂ ನಮ್ಮ ತಲೆಯ ಮೇಲೆ. ಅನಂತರ ಟರ್ಮಿನಲ್ಲನ್ನು ಉಜ್ಜಿ, ಸಂಪರ್ಕದ ಗ್ರೀಸು ತೆಳ್ಳಗೆ ಸವರಿ, ಟಾರ್ಕ್ ರೆಂಚಿನಿಂದ ಸೆಲ್ಲು ತಯಾರಕರು ಹೇಳಿದಷ್ಟೇ ಬಿಗಿದು, ಪ್ರತಿ ಜೋಡಣೆಯ ರೋಧವನ್ನು ಮಿಲಿಓಮ್ ಮೀಟರಿನಲ್ಲಿ ಅಳೆದು ಬರೆದಿಡುತ್ತೇವೆ. ಒಂದೇ ಒಂದು ಸಡಿಲ ಜೋಡಣೆ 0.1 ಮಿಲಿಓಮ್ ತೋರಿಸಿದರೆ 220 ಆಂಪಿಯರ್‌ನಲ್ಲಿ ಬೆರಳ ತುದಿಯಷ್ಟು ಜಾಗದಲ್ಲಿ ಐದು ವ್ಯಾಟಿನ ಹತ್ತಿರ ಬಿಸಿ ಹುಟ್ಟುತ್ತದೆ, ಸೆಲ್ಲುಗಳ ವೋಲ್ಟೇಜು ನೋಡಿ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಬೋರ್ಡು ಆ ಸೆಲ್ಲನ್ನು 22 ಮಿಲಿವೋಲ್ಟ್ ತಪ್ಪಾಗಿ ಓದುತ್ತದೆ. “ಸೆಲ್ಲು ಹಾಳಾಗಿದೆ, ಬ್ಯಾಲೆನ್ಸ್ ನಿಲ್ಲುತ್ತಿಲ್ಲ” ಎಂದು ಬೇರೆ ಕಡೆ ಕೊಂಡ ಬ್ಯಾಂಕ್‌ಗಳನ್ನು ನಮ್ಮಲ್ಲಿಗೆ ತಂದಾಗ ಬಹಳ ಸಲ ಸೆಲ್ಲು ಚೆನ್ನಾಗಿಯೇ ಇರುತ್ತದೆ, ಬೋಲ್ಟಿನ ಕೆಳಗೆ ಕಪ್ಪು ಕಟ್ಟಿರುತ್ತದೆ. ಈ ಅಳತೆಯ ಕಾಗದವನ್ನು ಪ್ರತಿ ಬ್ಯಾಂಕ್‌ನ ಜೊತೆ ಕೊಡುವ ಪದ್ಧತಿಯ ಬಗ್ಗೆ ನಮಗೆ ಹೆಮ್ಮೆ ಇದೆ ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ತಾಮ್ರದ ದರವಂತೂ ನಮ್ಮ ಕೈಯಲ್ಲಿಲ್ಲ. ಹೊಸ ಅಳತೆಯಲ್ಲಿ ಒಂದು ಬ್ಯಾಂಕ್‌ಗೆ ಎರಡು ಕಿಲೋಗೂ ಹೆಚ್ಚು ತಾಮ್ರ ಹೋಗುತ್ತದೆ. ಸೆಲ್ಲಿನ ಜೊತೆ ಬರುವ ಪಟ್ಟಿಗಳ ಒಟ್ಟು ತೂಕ ಅರ್ಧ ಕಿಲೋ ಮಾತ್ರ. ತೂತುಕುಡಿಯ ದೊಡ್ಡ ತಾಮ್ರ ಘಟಕ 2018ರಲ್ಲಿ ಮುಚ್ಚಿದ ಮೇಲೆ, ಶುದ್ಧ ತಾಮ್ರವನ್ನು ಹೊರಗೆ ಮಾರುತ್ತಿದ್ದ ನಮ್ಮ ದೇಶ ಕೊಳ್ಳುವ ದೇಶವಾಯಿತು. 2024ರ ಮೇ ತಿಂಗಳಲ್ಲಿ ಲಂಡನ್ ಲೋಹ ಮಾರುಕಟ್ಟೆಯ ದರ ಟನ್‌ಗೆ 11,000 ಡಾಲರ್ ದಾಟಿತು. ಲಂಡನ್ನಿನ ಆ ದರ ಹೈದರಾಬಾದಿನ ಅಂಗಡಿಯ ತಕ್ಕಡಿಗೆ ಬಂದು ಮುಟ್ಟಲು ಹೆಚ್ಚು ದಿನ ಬೇಕಾಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್ಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದನ್ನು ತೋರಿಸಿ, ತೆರಿಗೆ ಇಳಿದರೂ ದರ ಏರಿಸಿದಿರಿ ಎಂದವರಿದ್ದಾರೆ. ಆ ಇಳಿಕೆಯನ್ನು ಪ್ಯಾನೆಲ್ಲಿನ ಬಿಲ್ಲಿನಲ್ಲಿ ನಿಮಗೆ ಪೂರ್ತಿ ಕೊಟ್ಟಿದ್ದೇವೆ. ತಾಮ್ರದ ಪಟ್ಟಿಗೂ ಲಿಥಿಯಂ ಬ್ಯಾಟರಿಗೂ ಶೇ. 18 ಹಾಗೆಯೇ ಇದೆ.

ಪೆಟ್ಟಿಗೆಯಲ್ಲಿ ಬಂದ ಪಟ್ಟಿಗಳನ್ನು ನಾವು ಗುಜರಿಗೆ ಮಾರಿ ಹಣ ಮಾಡುತ್ತೇವೆಂಬ ಅನುಮಾನ ಯಾರಲ್ಲಿಯೂ ಉಳಿಯಬಾರದು. ಇನ್ನು ಮುಂದೆ ಅವನ್ನು ಎಣಿಸಿ, ಚೀಲದಲ್ಲಿ ಕಟ್ಟಿ ನಿಮ್ಮ ಕೈಗೇ ಕೊಡುತ್ತೇವೆ.

ಈಗಾಗಲೇ ನಮ್ಮ ಬ್ಯಾಂಕ್ ಇಟ್ಟುಕೊಂಡವರು ಗಾಬರಿಯಾಗಬೇಕಾಗಿಲ್ಲ. 5 ಕಿಲೋವ್ಯಾಟ್‌ನ ಒಂದೇ ಇನ್ವರ್ಟರ್ ಇದ್ದರೆ ನಿಮ್ಮ ಪಟ್ಟಿ ಸರಿಯಾಗಿದೆ. ಅದನ್ನು ಬದಲಾಯಿಸಲು ಯಾರಾದರೂ ಒತ್ತಾಯಿಸಿದರೂ ಖರ್ಚು ಮಾಡಬೇಡಿರಿ. ಆಮೇಲೆ ದೊಡ್ಡ ಇನ್ವರ್ಟರ್ ತಂದವರು, ಅಥವಾ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಿದವರು ಮಾತ್ರ ನಮಗೆ ತಿಳಿಸಬೇಕು. ಅಂಥವರ ಬ್ಯಾಂಕ್‌ಗೆ ಬೇಸಿಗೆ ಏರುವ ಮೊದಲು ನಾವೇ ಬಂದು ಪಟ್ಟಿ ಬದಲಾಯಿಸುತ್ತೇವೆ, ತಾಮ್ರ ಮತ್ತು ಲೇಪದ ಹಣ ಮಾತ್ರ ಪಡೆಯುತ್ತೇವೆ, ಕೂಲಿ ಪಡೆಯುವುದಿಲ್ಲ. ಎರಡು ಬ್ಯಾಂಕ್‌ಗಳನ್ನು ಸಮಾನಾಂತರವಾಗಿ ಜೋಡಿಸಿಕೊಂಡವರಿದ್ದರೆ ಪ್ಲಸ್ ಒಂದು ತುದಿಯಿಂದಲೂ ಮೈನಸ್ ಎದುರು ತುದಿಯಿಂದಲೂ ಹೊರಟಿದೆಯೇ ಎಂಬುದನ್ನು ಅದೇ ಭೇಟಿಯಲ್ಲಿ ನೋಡಿಕೊಡುತ್ತೇವೆ. ಒಂದೇ ಬದಿಯಿಂದ ಎಳೆದರೆ ಹತ್ತಿರದ ಬ್ಯಾಂಕ್ ಹೆಚ್ಚು ದುಡಿದು ಬೇಗ ಸವೆಯುತ್ತದೆ.

ಬಿಸಿ ನೋಡಲು ಪಟ್ಟಿಯನ್ನು ಕೈಯಿಂದ ಮುಟ್ಟಬಾರದು. ಉಂಗುರವೋ ಸ್ಪ್ಯಾನರೋ ಎರಡು ಪಟ್ಟಿಗೆ ತಾಗಿದರೆ ಸಾವಿರಾರು ಆಂಪಿಯರ್ ಒಮ್ಮೆಲೇ ಹರಿಯುತ್ತದೆ. ದೂರದಿಂದ ಅಳೆಯುವ ಥರ್ಮಾಮೀಟರು ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸಿ ಮೋಸಗೊಳಿಸುತ್ತದೆ. ನಮ್ಮ ಹುಡುಗರು ಬಂದಾಗ ಪಟ್ಟಿಯ ಮೇಲೆ ಕಪ್ಪು ಟೇಪು ಅಂಟಿಸುವುದು ಆ ಕಾರಣಕ್ಕೆ. ದಪ್ಪ ಪಟ್ಟಿ ಬಂದಿದೆಯೆಂದು ಡಿ.ಸಿ. ಫ್ಯೂಸನ್ನು ಯಾರೂ ತೆಗೆಸಬಾರದು, ದೊಡ್ಡದನ್ನೂ ಹಾಕಿಸಬಾರದು.

ಈ ಪತ್ರ ತಲುಪುವ ಮೊದಲು ಮುಂಗಡ ಕೊಟ್ಟವರಿಗೆ ಹೊಸ ಪಟ್ಟಿಯನ್ನೇ ಹಳೆಯ ದರದಲ್ಲಿ ಕೊಡುತ್ತೇವೆ. ಹೈದರಾಬಾದಿನಿಂದ ಲೇಪವಾಗಿ ಬರಬೇಕಾದ್ದರಿಂದ ಬ್ಯಾಂಕ್ ಕೈಸೇರುವುದು ಒಂದು ವಾರ ತಡವಾಗಬಹುದು. ಹೊಸದಾಗಿ ಬರೆಸುವವರು ಇನ್ವರ್ಟರ್‌ನ ಕಿಲೋವ್ಯಾಟ್, ಅದರ ಮೇಲೆ ಓಡುವ ಮೋಟಾರುಗಳ ಎಚ್.ಪಿ., ಮತ್ತು ಮುಂದೆ ಸೇರಿಸುವ ಯೋಚನೆಯಿರುವ ಯಂತ್ರಗಳ ಹೆಸರನ್ನು ಆರ್ಡರಿನ ಜೊತೆಗೇ ಬರೆದು ಕೊಡಬೇಕೆಂದು ವಿನಂತಿಸುತ್ತೇವೆ. ಪಟ್ಟಿಯ ಅಳತೆಯನ್ನು ಅದರ ಮೇಲೆಯೇ ನಿರ್ಧರಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಬ್ಯಾಟರಿ ಜೋಡಣಾ ಘಟಕದ ಎಲ್ಲರ ಪರವಾಗಿ,
ಕಲಬುರಗಿ